ಮುಂಗಡ ಕೊಟ್ಟಾದ ಮೇಲೆ ಬಿರುಕು, ಸೋರಿಕೆ ಕಂಡಿದೆ: 62 ಲಕ್ಷದ ಮನೆಗೆ ಎಷ್ಟು ಇಳಿಸಿ ಕೇಳೋದು?

ಎರೆಸೀಮೆ (ಪ್ರಶ್ನೆ):
ಬಳ್ಳಾರಿ, ಸಿರುಗುಪ್ಪ ರಸ್ತೆ ಕಡೆಯ ಲೇಔಟು. ಸೈಟು 30×50, ಮನೆ 24×35, ಕಟ್ಟಿ 12 ವರ್ಷ. ಮಾಳಿಗೆ ಮೇಲೆ ಹಿಂಬದಿಗೆ 24×10 ರೂಮು. 62 ಲಕ್ಷಕ್ಕೆ ಕರಾರಾಗಿ 5 ಲಕ್ಷ ಮುಂಗಡ ಬ್ಯಾಂಕಿನಿಂದ ಹೋಗಿದೆ. ಸರ್ಕಾರದ ಮಾರ್ಗಸೂಚಿ ದರದಲ್ಲಿ 60 ಲಕ್ಷ ಬರುತ್ತದೆ. ನೋಂದಣಿಗೆ 34 ದಿನ ಉಳಿದಿದೆ. ಈಗ ಕಂಡಿದ್ದು:

ಅಡುಗೆಮನೆ ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಬಿರುಕು. ಹೊಸ ಪುಟ್ಟಿ ಹಚ್ಚಿ ಬಣ್ಣ ಬಳಿದಿದ್ದರು, ಈ ಮೇ ಬಿಸಿಲಿಗೆ ಮತ್ತೆ ಬಿಟ್ಟಿದೆ. ಬಚ್ಚಲಿನ ಪಿವಿಸಿ ಸೀಲಿಂಗ್ ಸರಿಸಿದರೆ ಸ್ಲ್ಯಾಬಿನ ಕಂಬಿ ತುಕ್ಕು ಹಿಡಿದು ಹೊರಗೆ ಕಾಣುತ್ತಿದೆ. ಇ-ಖಾತೆಯಲ್ಲಿ (ಪಾಲಿಕೆಯ ಆಸ್ತಿ ದಾಖಲೆ) ಕಟ್ಟಡ 840 ಚದರಡಿ ಮಾತ್ರ, ಮೇಲಿನ 240 ಇಲ್ಲವೇ ಇಲ್ಲ.

ಮಾರುವವರು "ಹಳೇ ಮನಿ ಅಂದಮ್ಯಾಲೆ ಇರೋದೇ, 50 ಸಾವಿರ ಬಿಡ್ತೀನಿ" ಅಂತಾರೆ. ಎಷ್ಟು ಕೇಳಿದರೆ ನ್ಯಾಯ? ಹೇಗೆ ಕೇಳಬೇಕು?

ಗಾರೆಕರಣಿ:
ಎಷ್ಟು ಅನ್ನೋದು ಆಮೇಲೆ. ಬಿರುಕು ಗಾರೆಯದೋ ಗೋಡೆಯದೋ ಮೊದಲು ನೋಡ್ರಿ. ಬಿರುಕಿನ ಮೇಲೆ ಅಂಗೈ ಅಗಲ ಗಾರೆ ಕೆರೆಸ್ರಿ. ಒಳಗಿನ ಇಟ್ಟಿಗೆಯೂ ಸೀಳಿದ್ದರೆ, ಹೊರಗೋಡೆಯಲ್ಲೂ ಅದೇ ಜಾಗದಲ್ಲಿ ಗೆರೆ ಇದ್ದರೆ, ಅದು ಬುನಾದಿ ಕದಲಿದ್ದಿರಬಹುದು. ಅಗಲ ಅಳೆಯೋಕೆ ಎಟಿಎಂ ಕಾರ್ಡ್ ಸಾಕು, ಅದರ ದಪ್ಪ 0.76 ಮಿ.ಮೀ. ಎರಡು ಕಾರ್ಡ್ ಸೇರಿಸಿ ತೂರಿದರೆ ಒಂದೂವರೆ ಮಿ.ಮೀ. ದಾಟಿದೆ. 5 ಮಿ.ಮೀ. ಮುಟ್ಟಿದ್ದರೆ ಚೌಕಾಸಿ ನಿಲ್ಲಿಸಿ ಸ್ಟ್ರಕ್ಚರಲ್ ಇಂಜಿನಿಯರನ್ನು ಕರೀರಿ.

ಆ ಕಡೆ ಎರೆಮಣ್ಣು, ಅಂದರೆ ಕರಿಮಣ್ಣು. ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ. ಬೇಸಿಗೆಯಲ್ಲಿ ಮನೆಯ ನಡುಭಾಗದ ಮಣ್ಣು ನೆರಳಲ್ಲಿ ತಂಪಾಗೇ ಇರುತ್ತೆ, ಅಂಚಿನದು ಒಣಗಿ ಕೂರುತ್ತೆ. ಅದಕ್ಕೇ ಮೂಲೆಗೋಡೆ ಇಳಿದು ಬಿರುಕು ಮೇಲೆ ಅಗಲ, ಕೆಳಗೆ ಸಣ್ಣ. ಮಳೆ ಬಿದ್ದರೆ ಅರ್ಧ ಮುಚ್ಚಿಕೊಳ್ಳುತ್ತೆ, ಆಗ ಪುಟ್ಟಿ ಹಚ್ಚಿ ಮಾರೋದು ಸುಲಭ. ಈಗ ಮೇ, ನಿಮ್ಮ ಅದೃಷ್ಟ.

ಅಡುಗೆಮನೆ ಹೊರಗೆ ಬುನಾದಿಗೆ ಹತ್ತಿಕೊಂಡು 3×3 ಅಡಿ ಗುಂಡಿ ತೆಗೆಸ್ರಿ, ಮಾರುವವರ ಒಪ್ಪಿಗೆ ತಗೊಂಡೇ. ಬುನಾದಿಯ ಕಲ್ಲುಕಟ್ಟಡ ಮೂರು-ನಾಲ್ಕು ಅಡಿಗೇ ನಿಂತು ಕೆಳಗೆ ಇನ್ನೂ ಕರಿಮಣ್ಣೇ ಇದ್ದರೆ ಆ ಗೋಡೆ ವರ್ಷಾವರ್ಷ ಆಡುತ್ತಲೇ ಇರುತ್ತೆ. ಗರಸು (ಗಟ್ಟಿ ಜಲ್ಲಿಮಣ್ಣು) ಸಿಕ್ಕರೆ ಕಾರಣ ಬೇರೆ: ಒಡೆದ ಬಚ್ಚಲ ಪೈಪು, ಸೋರುವ ಸಂಪು, ಗೋಡೆ ಪಕ್ಕದ ಬೇವಿನಮರ.

ದುರಸ್ತಿ ಕ್ರಮ: ಮೊದಲು ನೀರು, ಆಮೇಲೆ ಬಿರುಕು. ಸುತ್ತ ಮೂರಡಿ ಅಗಲ, ಹೊರಕ್ಕೆ ಇಳಿಜಾರು ಇರುವ ಕಾಂಕ್ರೀಟ್ ಏಪ್ರನ್. ನಿಮ್ಮ ಅಳತೆಗೆ 30×41 ಕಳೆ 24×35, ಅಂದರೆ 390 ಚದರಡಿ. ಒಂದು ಮಳೆಗಾಲ ದಾಟಿದ ಮೇಲೆ ಇಟ್ಟಿಗೆ ಸಂದಿಯಲ್ಲಿ ಬಿರುಕಿನ ಎರಡೂ ಬದಿಗೆ ಒಂದೂವರೆ ಅಡಿ ಕಂಬಿ ಕೂರಿಸಿ ಹೊಲಿಯೋದು. "ನಾವೇ ಫಿಲ್ಲರ್ ಹಾಕಿ ಬಣ್ಣ ಹೊಡೆಸಿ ಕೊಡ್ತೀವಿ" ಅಂದರೆ ಒಪ್ಪಬೇಡ್ರಿ, ಅದು ಮುಂದಿನ ಬೇಸಿಗೆವರೆಗಿನ ಮಾತು.

ಬಚ್ಚಲ ಸ್ಲ್ಯಾಬು: ತುಕ್ಕು ಕೆರೆದು ಕಂಬಿಗೆ ವರ್ನಿಯರ್ (ದಪ್ಪ ಅಳೆಯೋ ಸಾಧನ) ಹಿಡೀರಿ. 8 ಎಂಎಂ ಕಂಬಿ 6.5ಕ್ಕೆ ಬಂದಿದ್ದರೆ ಉಕ್ಕಿನ ಮೂರನೇ ಒಂದು ಭಾಗ ಹೋಗಿದೆ, ಪಕ್ಕದಲ್ಲಿ ಹೊಸ ಕಂಬಿ ಕಟ್ಟಿ ಮೈಕ್ರೋ ಕಾಂಕ್ರೀಟ್ (ದುರಸ್ತಿಗೆ ಬಳಸೋ ನುಣುಪು ಕಾಂಕ್ರೀಟ್) ಹಾಕಲೇಬೇಕು. ಮೇಲಿನಿಂದ ನೀರು ನಿಲ್ಲಿಸದೆ ಕೆಳಗೆ ತೇಪೆ ಹಾಕಿದರೆ ದುಡ್ಡು ದಂಡ. ನೀರು ತಡೆಯೋ ಲೇಪನ ಹಾಕಬೇಕಾದ ತೆರೆದ ಮಾಳಿಗೆ 24×25, 600 ಚದರಡಿ. ಗೋಡೆಗೆ ಒಂದಡಿ ಹತ್ತಿಸೋಕೆ ಇನ್ನೂ 98. ಒಟ್ಟು 700 ಅಂತ ಹಿಡಿದು ಮೂವರ ಹತ್ತಿರ ದರ ಬರೆಸಿಕೊಳ್ಳಿ. ಅಳತೆ ಇಲ್ಲದ "ಒಟ್ಟು ಇಷ್ಟು" ಅನ್ನೋ ಚೀಟಿ ಮಾರುವವರ ಮುಂದೆ ನಿಲ್ಲಲ್ಲ.

ಪತ್ರಬರಹ:
ಮೇಲಿನವರು ಹೇಳಿದ ಎರಡಕ್ಕೆ ದರ ಇಳಿಸಿ. ಮೂರನೆಯದಕ್ಕೆ, ಅಂದರೆ ಖಾತೆಗೆ, ದರ ಇಳಿಸಿಕೊಳ್ಳಲೇಬೇಡಿ. ಲಕ್ಷ ಬಿಟ್ಟರೂ ಬೇಡ. ಪಾಲಿಕೆಯಲ್ಲಿ ಅದನ್ನು ಸರಿಮಾಡಿಸಬೇಕಾದವರು ಇಂದಿನ ಖಾತೆದಾರರು. ಅನುಮತಿ ಇಲ್ಲದೆ ಕಟ್ಟಿದ್ದಕ್ಕೆ ಎರಡು ಪಟ್ಟು ತೆರಿಗೆ ಹಾಕಲು ಪಾಲಿಕೆ ಕಾಯ್ದೆಯಲ್ಲಿ ಅವಕಾಶವಿದೆ. ಆ ಬಾಕಿ ಎಷ್ಟು ವರ್ಷದ್ದು ಬರುತ್ತದೋ ಇಂದು ಅಂದಾಜಿಸಲಾಗದು. ಅಂದಾಜಿಲ್ಲದ ಹೊರೆಗೆ ಬೆಲೆ ಕಟ್ಟಬಾರದು. ಮಾರಾಟದ ದಿನದವರೆಗಿನ ತೆರಿಗೆ ಮಾರುವವರದೇ ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮೇ ಹೇಳುತ್ತದೆ. ಖಾತೆ ತಿದ್ದುಪಡಿ ನೋಂದಣಿಗೆ ಮೊದಲು ಆಗಲಿ, ಗಡುವು ಬೇಕಾದರೆ ಮುಂದೂಡಿ.

ಅದೇ 55ನೇ ಕಲಮಿನ ಇನ್ನೊಂದು ಮಾತು ನಿಮ್ಮ ಕೈಯಲ್ಲಿರುವ ಅಸ್ತ್ರ. ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ, ಮಾರುವವರಿಗೆ ಗೊತ್ತಿರುವ ಮುಖ್ಯ ದೋಷವನ್ನು ಅವರು ತಿಳಿಸಲೇಬೇಕು. ಬರಿಗಣ್ಣಿಗೆ ಕಾಣುತ್ತಿದ್ದ ಬಿರುಕಿಗೆ ಇದು ಅನ್ವಯಿಸದು. ಪುಟ್ಟಿಯಡಿ, ಸೀಲಿಂಗಿನ ಹಿಂದೆ ಮುಚ್ಚಿಟ್ಟದ್ದಕ್ಕೆ ಅನ್ವಯಿಸುತ್ತದೆ. ಆದ್ದರಿಂದ ಕೆರೆಯುವ ಮೊದಲು ಹೊಸ ಪುಟ್ಟಿಯ ಗುರುತು, ಸೀಲಿಂಗ್ ಹಾಳೆ ಎಲ್ಲದರ ಫೋಟೊ ತೆಗೆದಿಡಿ.

ಕೇಳುವ ರೀತಿಯಲ್ಲಿ ಒಂದು ಗುಂಡಿ ಇದೆ. "ದರ ಇಳಿಸಿ, ಇಲ್ಲವಾದರೆ ಕೊಳ್ಳಲ್ಲ" ಎಂದು ವಾಟ್ಸ್ಆ್ಯಪ್ ಹಾಕಿದರೆ, ಕೊಳ್ಳುವವರೇ ಹಿಂದೆ ಸರಿದರು ಎಂದು ಮುಂಗಡ ಮುಟ್ಟುಗೋಲಿಗೆ ದಾರಿ. "ಕರಾರಿಗೆ ಬದ್ಧರಿದ್ದೇವೆ, ಹಣ ಸಿದ್ಧವಿದೆ, ತಿಳಿಸದೆ ಬಿಟ್ಟ ಈ ದೋಷಗಳಿಗೆ ಲಗತ್ತಿಸಿದ ಅಂದಾಜಿನಂತೆ ದರ ಹೊಂದಿಸಿ" ಎಂದು ರಿಜಿಸ್ಟರ್ಡ್ ಅಂಚೆಯಲ್ಲಿ ಬರೆಯಿರಿ.

ಸಾಲಲೆಕ್ಕ:
ದರ ಇಳಿದರೆ ದುಡ್ಡು ಕೈಗೆ ಬಂತು ಅಂದ್ಕೊಳ್ಳೋದು ತಪ್ಪು. ಅಂದಾಜು ಪಟ್ಟಿ 4.5 ಲಕ್ಷ ಆಗಿ 57.5ಕ್ಕೆ ಒಪ್ಪಂದ ಆಯ್ತು ಅನ್ನಿ. ಸಾಲ 30 ಲಕ್ಷ ದಾಟಿ 75ರೊಳಗಿದ್ದರೆ ಬ್ಯಾಂಕು ಕೊಡೋದು ಹೆಚ್ಚೆಂದರೆ ಶೇ 80. ಸಾಲ 49.6ರಿಂದ 46 ಲಕ್ಷಕ್ಕೆ ಇಳಿಯುತ್ತೆ, ನಿಮ್ಮ ಕೈಹಣ 12.4ರಿಂದ 11.5ಕ್ಕೆ. ಉಳಿದದ್ದು 90 ಸಾವಿರ, ಮಾಡಿಸಬೇಕಾದ ಕೆಲಸ 4.5 ಲಕ್ಷದ್ದು. ಮನೆ ದುರಸ್ತಿ ಸಾಲಕ್ಕೂ ಈಗಲೇ ಒಟ್ಟಿಗೆ ಅರ್ಜಿ ಹಾಕಿ.

ಮುದ್ರಾಂಕ ಮಾರ್ಗಸೂಚಿ ದರದ 60 ಲಕ್ಷಕ್ಕೇ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2 ಆದ್ದರಿಂದ ನಗರದಲ್ಲಿ ಒಟ್ಟು ಶೇ 7.6, ಅಂದರೆ 4,56,000. ದರ 60ಕ್ಕಿಂತ ಕೆಳಗೆ ಇಳಿದಷ್ಟಕ್ಕೆ ಇದರಲ್ಲಿ ಏನೂ ಉಳಿಯಲ್ಲ. ಇನ್ನೊಂದು, ಮಾರ್ಗಸೂಚಿ ಮೌಲ್ಯ ಕೊಟ್ಟ ದರಕ್ಕಿಂತ ಶೇ 10ರ ಮೇಲೆ ಹೋದರೆ ವ್ಯತ್ಯಾಸವೆಲ್ಲ ಕೊಳ್ಳುವವರ ಆದಾಯ ಅಂತ ತೆರಿಗೆ ಬೀಳುತ್ತೆ. ನಿಮಗೆ ಆ ಗೆರೆ ಸುಮಾರು 54.55 ಲಕ್ಷ. ಅದಕ್ಕಿಂತ ಕೆಳಗೆ ಎಳೀಬೇಡಿ.

ಎರೆಸೀಮೆ:
ಮಾತಾಡಿದೆ. 3 ಲಕ್ಷಕ್ಕೆ ಒಪ್ಪಿದರು, ಆದರೆ "ಪತ್ರದಾಗ 62 ಇರಲಿ, ಮೂರು ನಗದು ವಾಪಸ್ ಕೊಡ್ತೀನಿ, ನಿಮಗೆ ಸಾಲನೂ ಜಾಸ್ತಿ ಸಿಗ್ತದ" ಅಂತಾರೆ. ಖಾತೆ ತಿದ್ದುಪಡಿಗೆ ತಯಾರಿದ್ದಾರೆ.

ಪತ್ರಬರಹ:
ನಗದು ಬೇಡವೇ ಬೇಡ. ಸ್ಥಿರಾಸ್ತಿ ವ್ಯವಹಾರದ ಮುಂಗಡವನ್ನು 20 ಸಾವಿರ ಅಥವಾ ಮೇಲ್ಪಟ್ಟು ನಗದಿನಲ್ಲಿ ಪಡೆಯುವುದಕ್ಕೂ ಮರಳಿಸುವುದಕ್ಕೂ ನಿಷೇಧವಿದೆ. ಅಲ್ಲದೆ ಸುಳ್ಳು ದರ ತೋರಿಸಿ ಸಾಲ ಪಡೆದಂತಾಗುತ್ತದೆ, ಸಿಕ್ಕಿಬೀಳುವ ಸಹಿ ನಿಮ್ಮದು.

ಹಳೇ ಕರಾರು ಹರಿದು ಹೊಸದು ಮಾಡಬೇಡಿ. ಮುಂಗಡ ಕರಾರಿನ ದಿನ ಅಥವಾ ಅದಕ್ಕೂ ಮೊದಲು ಬ್ಯಾಂಕಿನಲ್ಲಿ ಹೋಗಿದ್ದರೆ, ಮಾರ್ಗಸೂಚಿ ದರ ನಡುವೆ ಏರಿದರೂ ಆದಾಯ ತೆರಿಗೆ ಲೆಕ್ಕಕ್ಕೆ ಕರಾರಿನ ದಿನದ ಮೌಲ್ಯ ಹಿಡಿಯಬಹುದು. ಪೂರಕ ಕರಾರು ಮಾಡಿ. ಅದರಲ್ಲಿ ಹಳೇ ಕರಾರಿನ ದಿನಾಂಕ, ದೋಷಗಳ ಪಟ್ಟಿ ಫೋಟೊ ಸಮೇತ, ಹೊಸ ದರ ಅಕ್ಷರದಲ್ಲೂ ಅಂಕಿಯಲ್ಲೂ, ಖಾತೆಯಲ್ಲಿ 1,080 ಚದರಡಿ ಬಂದ ಮೇಲೆ 30 ದಿನದೊಳಗೆ ನೋಂದಣಿ, ಬರದಿದ್ದರೆ 5 ಲಕ್ಷ ಇಂತಿಷ್ಟು ದಿನದಲ್ಲಿ ವಾಪಸ್, ಉಳಿದ ಷರತ್ತು ಯಥಾವತ್ತು. ಮೂಲ ಕರಾರಿಗೆ ಸಹಿ ಹಾಕಿದ ಎಲ್ಲರೂ ಇದಕ್ಕೂ ಹಾಕಲಿ. ಮಕ್ಕಳು, ಅಣ್ಣತಮ್ಮಂದಿರ ಸಹಿ ಅಲ್ಲಿದ್ದು ಇಲ್ಲಿ ತಪ್ಪಿದರೆ ಮುಂದೆ ತಕರಾರು. ಶೇ 1ರ ಟಿಡಿಎಸ್ (ಹಣ ಕೊಡುವಾಗಲೇ ಕಡಿಯುವ ಆದಾಯ ತೆರಿಗೆ) 60 ಲಕ್ಷದ ಮೇಲೆ ಕಡಿಯಬೇಕು, 59ರ ಮೇಲಲ್ಲ.

ಗಾರೆಕರಣಿ:
3 ಲಕ್ಷಕ್ಕೆ ಕೈ ಕೊಡೋ ಮೊದಲು ಗುಂಡಿ ತೆಗೆಸಿದ್ರಾ? ಕರಿಮಣ್ಣಲ್ಲೇ ನಿಂತಿದ್ದರೆ ಈ ಮೂರು ಸಾಲಲ್ಲ. ಬಿರುಕಿನ ಆಚೀಚೆ ಒಂದೊಂದು ಮೊಳೆ ಇವತ್ತೇ ಹೊಡೆದು, ನಡುವಿನ ಅಂತರ ವಾರಕ್ಕೊಮ್ಮೆ ವರ್ನಿಯರಲ್ಲಿ ಅಳೆದು ಗೋಡೆ ಮೇಲೇ ತಾರೀಖು ಬರೀರಿ. ಮೊದಲ ಮಳೆಗೆ ಅಂತರ ಕಮ್ಮಿ ಆಗ್ತಿದ್ದರೆ ಮಣ್ಣು ಉಬ್ಬಿ ಗೋಡೆ ಆಡ್ತಿದೆ ಅಂತಲೇ. ಆ ಅಳತೆ ಬರೋವರೆಗೂ ದರ ಪಕ್ಕಾ ಮಾಡಬೇಡ್ರಿ, ಪೂರಕ ಕರಾರಿಗೆ ಸಹಿಯೂ ಹಾಕಬೇಡ್ರಿ.