ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವವರಿಗೆ ಏನನ್ನೋಣ? ‘ಆರೈಕೆದಾರ’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮ ಸಲಹೆ ಬೇಕು. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ನಾವು ನಾಲ್ಕೈದು ಜನ ಸೇರಿ ಒಂದು ಕೆಲಸ ಶುರು ಮಾಡಿದ್ದೇವೆ. ವಯಸ್ಸಾದ ಅಪ್ಪ ಅಮ್ಮನನ್ನೋ ಅತ್ತೆ ಮಾವನನ್ನೋ ಮನೆಯಲ್ಲೇ ನೋಡಿಕೊಳ್ಳುತ್ತಿರುವವರು ತಿಂಗಳಿಗೊಮ್ಮೆ ಒಂದು ಕಡೆ ಸೇರಲಿ, ಕಷ್ಟಸುಖ ಹೇಳಿಕೊಳ್ಳಲಿ ಅಂತ. ಅದಕ್ಕೊಂದು ಕರಪತ್ರ ಮಾಡಿದೆವು. ಇಂಗ್ಲಿಷಿನ ‘ಕೇರ್‌ಗಿವರ್’ಗೆ ನಾನೇ ‘ಆರೈಕೆದಾರ’ ಅಂತ ಹಾಕಿದೆ. ತಲೆಬರಹ ಹೀಗಿತ್ತು: ‘ನೀವು ಆರೈಕೆದಾರರೇ? ಬನ್ನಿ, ಮಾತಾಡೋಣ.’

ಯಾರೂ ಬರಲಿಲ್ಲ.

ಆಮೇಲೆ ಮನೆಮನೆಗೆ ಹೋಗಿ ಕೇಳಿದೆವು. ಒಬ್ಬ ಸೊಸೆ ಹಾಸಿಗೆ ಹಿಡಿದ ಅತ್ತೆಯನ್ನು ಆರು ವರ್ಷದಿಂದ ನೋಡಿಕೊಳ್ಳುತ್ತಿದ್ದಾರೆ. ಸ್ನಾನ, ಊಟ, ಮಾತ್ರೆ ಎಲ್ಲ ಅವರದೇ. ಬೆನ್ನು ಹುಣ್ಣಾಗಬಾರದು ಅಂತ ರಾತ್ರಿಯೆಲ್ಲ ಎದ್ದೆದ್ದು ಮಗ್ಗುಲು ಬದಲಿಸುತ್ತಾರೆ. ‘ನಮ್ಮ ಕಾಗದ ಸಿಕ್ಕಿತ್ತಲ್ವಾ, ಯಾಕೆ ಬರಲಿಲ್ಲ?’ ಅಂದೆ. ‘ಸಿಕ್ಕಿತ್ತು. ಆದರೆ ನಾವು ಯಾರನ್ನೂ ಇಟ್ಟುಕೊಂಡಿಲ್ಲ ಮೇಡಂ, ಎಲ್ಲ ನಾನೇ ಮಾಡ್ತೀನಿ’ ಅಂದರು.

ಆ ಮಾತು ನನ್ನನ್ನು ಬಿಟ್ಟಿಲ್ಲ. ಯಾರಿಗಾಗಿ ಆ ಪದ ಬರೆದೆನೋ ಅವರಿಗೇ ಅದು ‘ಸಂಬಳಕ್ಕೆ ಇಟ್ಟುಕೊಂಡವರು’ ಅಂತ ಕೇಳಿಸಿತು.

ಯೋಚಿಸಿದರೆ ತಪ್ಪು ‘ಆರೈಕೆ’ಯಲ್ಲಿ ಇಲ್ಲ, ‘ದಾರ’ದಲ್ಲಿದೆ ಅನ್ನಿಸುತ್ತದೆ. ‘ದಾರ’ ಪಾರಸಿಯಿಂದ ಬಂದದ್ದು. ಹಿಡಿದವನು, ಉಳ್ಳವನು ಅಂತ ಅರ್ಥ. ಜಮೀನ್ದಾರ, ಗುತ್ತಿಗೆದಾರ, ಬಾಡಿಗೆದಾರ, ಖಾತೆದಾರ, ಪಾಲುದಾರ. ಇವರೆಲ್ಲ ಯಾವುದೋ ಒಂದು ಕಾಗದದಲ್ಲಿ ಹೆಸರಿರುವ ಜನ. ಸೊಸೆಯ ಹೆಸರು ಯಾವ ಕಾಗದದಲ್ಲಿದೆ? ‘ಆರೈಕೆಗಾರ’ ಅಂದರೆ ಹಾಡುಗಾರ, ಮಾತುಗಾರರ ಸಾಲಿಗೆ ಬರುತ್ತದೆ, ಮಾಡುವವರು ಅನ್ನೋ ಅರ್ಥ ಸಿಗುತ್ತದೆ. ಆದರೆ ಹೆಣ್ಣಿಗೆ ‘ಆರೈಕೆಗಾರ್ತಿ’ ಅನ್ನಬೇಕು. ಅದು ಮತ್ತೆ ಒಂದು ಉದ್ಯೋಗದ ಹೆಸರಿನ ಹಾಗೆ ಕೇಳುತ್ತದೆ.

‘ಆರೈಕೆ’ ಮಾತ್ರ ಬಹಳ ಒಳ್ಳೆಯ ಪದ. ಹಳಗನ್ನಡದ ‘ಆರಯ್’ ಅನ್ನೋ ಕ್ರಿಯಾಪದಕ್ಕೆ ಹುಡುಕು, ವಿಚಾರಿಸು, ಗಮನವಿಟ್ಟು ನೋಡು ಅನ್ನೋ ಅರ್ಥಗಳಿವೆ. ಸಲಹು ಅನ್ನೋ ಅರ್ಥವೂ ಅದರ ಜೊತೆಗೇ ಇದೆ. ತಮಿಳಿನಲ್ಲಿ ಸಂಶೋಧನೆಗೆ ‘ಆರಾಯ್ಚಿ’ ಅನ್ನುತ್ತಾರಲ್ಲ, ಅದೂ ಇದೇ ಬೇರಿನದು. ನಾವು ದಿನಾ ಆಡುವ ‘ನೋಡಿಕೊಳ್ಳು’ ಕೂಡ ನೋಟದಿಂದಲೇ ಹುಟ್ಟಿದೆ. ತೆಲುಗಿನ ‘ಚೂಸುಕೋ’, ತಮಿಳಿನ ‘ಪಾತ್ತುಕ್ಕೋ’ ಎರಡರ ಕಟ್ಟೂ ಇದೇ: ನೋಡು, ಜೊತೆಗೆ ಕೊಳ್ಳು. ಇನ್ನು ‘ಶುಶ್ರೂಷೆ’ಗೆ ಸಂಸ್ಕೃತದಲ್ಲಿ ಮೂಲ ಅರ್ಥ ಕೇಳುವ ಬಯಕೆ. ಮಾತು ಕೇಳಬೇಕು ಅನ್ನೋ ಆಸೆ ಮುಂದೆ ಸೇವೆ ಅಂತ ಆಯಿತು. ಹಾಸಿಗೆಯ ಪಕ್ಕ ಕೂತವರು ಮಾಡುವ ಕೆಲಸ ಇವೆರಡೇ ತಾನೆ, ನೋಡುವುದು ಮತ್ತು ಕೇಳುವುದು. ಆದರೆ ಇವತ್ತು ‘ಶುಶ್ರೂಷಕಿ’ ಅಂದರೆ ಆಸ್ಪತ್ರೆಯ ನರ್ಸ್. ಆ ಪದ ನಮಗೆ ಸಿಗುವುದಿಲ್ಲ.

‘ಪೋಷಕ’, ‘ಪಾಲಕ’ ಬೇಡವೇ ಬೇಡ. ಎರಡೂ ಶಾಲೆಗೆ ಹೋಗಿಬಿಟ್ಟಿವೆ. ಒಂದು ಆಸ್ಪತ್ರೆಯ ಅರ್ಜಿಯಲ್ಲಿ ನನ್ನ ಅಮ್ಮನ ವಯಸ್ಸು 78 ಅಂತ ಬರೆದು, ಕೆಳಗೆ ‘ಪೋಷಕರ ಸಹಿ’ ಅನ್ನೋ ಜಾಗದಲ್ಲಿ ನಾನು ಸಹಿ ಹಾಕಿದ್ದೇನೆ. ಅಮ್ಮ ಅದನ್ನು ಓದಿ ಸುಮ್ಮನಾದರು. ತಾನೀಗ ಮಗು ಅಂತ ಯಾರೋ ಅಚ್ಚು ಹಾಕಿಸಿ ಹೇಳಿದ ಹಾಗಾಗಿತ್ತು ಅವರಿಗೆ. ಅಂಥ ಪದ ಹಿರಿಯರ ಮಾನವನ್ನೂ ಕಳೆಯುತ್ತದೆ.

ಕಾನೂನಿನ ಕಡೆ ನೋಡಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಕೇರ್‌ಗಿವರ್ ಯಾರು ಅಂತ ಬಿಡಿಸಿ ಹೇಳುತ್ತದೆ: ಹಣ ಪಡೆದೋ ಪಡೆಯದೆಯೋ ಆರೈಕೆ, ನೆರವು ಕೊಡುವ ಯಾರೇ ಆಗಲಿ, ಅಪ್ಪ ಅಮ್ಮ ಮತ್ತು ಮನೆಯವರೂ ಸೇರಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಸಂಬಳ ಇದ್ದವರು, ಇಲ್ಲದವರು ಇಬ್ಬರೂ ಬರುತ್ತಾರೆ. ಆದರೆ ಅಲ್ಲಿ ಜೊತೆಯಲ್ಲಿ ವಾಸವಿರಬೇಕು ಅನ್ನೋ ಮಾತೂ ಇದೆ. ಅಂದರೆ ಕಾನೂನಿನ ಕಣ್ಣಿಗೆ ಆ ಸೊಸೆಯೂ ಕೇರ್‌ಗಿವರ್, ದಿನಗೂಲಿಗೆ ಬರುವ ಆಯಾ ಕೂಡ ಕೇರ್‌ಗಿವರ್ ಆಗಬಹುದು. ನಮ್ಮ ಮಾತಿನಲ್ಲಿ ಇವರಿಬ್ಬರೂ ಬೇರೆ ಬೇರೆ. ಬಂದು ಹೋಗುವವರಿಗೆ ಆಯಾ, ಹೋಮ್ ನರ್ಸ್, ಕೇರ್‌ಟೇಕರ್, ‘ಅಮ್ಮನ್ನ ನೋಡ್ಕೊಳ್ಳೋ ಹುಡುಗಿ’ ಅಂತ ಎಷ್ಟೊಂದು ಹೆಸರಿವೆ. (‘ಹೋಮ್ ನರ್ಸ್’ ಅಂತ ಬರುವವರೆಲ್ಲ ನರ್ಸಿಂಗ್ ಓದಿರುವುದಿಲ್ಲ, ಅದು ಇನ್ನೊಂದು ತೊಡಕು.) ಮನೆಯವರಿಗೆ ಮಾತ್ರ ಹೆಸರೇ ಇಲ್ಲ. ಮಗಳು ಮಗಳೇ, ಸೊಸೆ ಸೊಸೆಯೇ. ಸಂಬಂಧದ ಹೆಸರಿನೊಳಗೆ ಕೆಲಸ ಮುಚ್ಚಿಹೋಗಿದೆ.

ಬೇರೆ ಬೇರೆ ಊರಿನ, ಬೇರೆ ಬೇರೆ ಮನೆಮಾತಿನ ಜನರನ್ನು ಕೇಳಿದಾಗ ಸಿಕ್ಕಿದ್ದು ಹೇಳುತ್ತೇನೆ. ನಾನು ದಕ್ಷಿಣ ಕನ್ನಡದವಳು. ನಮ್ಮಲ್ಲಿ ಇದಕ್ಕೆ ‘ಚಾಕರಿ’ ಅನ್ನುತ್ತಾರೆ. ‘ಅಜ್ಜಿಯ ಚಾಕರಿ ಮಾಡಿದ್ದು ಅವಳೇ’ ಅಂದರೆ ಅದು ದೊಡ್ಡ ಹೊಗಳಿಕೆ. ಬಾಣಂತಿಯ ಚಾಕರಿ, ಕಾಯಿಲೆಯವರ ಚಾಕರಿ ಅಂತೆಲ್ಲ ಹೇಳುತ್ತೇವೆ. ಇದೇ ಪದವನ್ನು ಕರಪತ್ರಕ್ಕೆ ಹಾಕೋಣ ಅಂದೆ. ಮಂಡ್ಯದ ಗೆಳತಿಗೆ ಬೇಸರವಾಯಿತು. ‘ಚಾಕರಿ ಅಂದ್ರೆ ಜೀತ ಇದ್ದ ಹಾಗೆ ಕಣೇ, ಅತ್ತೆ ಕೇಳಿಸಿಕೊಂಡರೆ ಏನಂದ್ಕೋತಾರೆ’ ಅಂದಳು. ಧಾರವಾಡದವರೊಬ್ಬರಿಗೆ ಚಾಕರಿ ಅಂದರೆ ನೌಕರಿ. ಅವರು ಹೇಳಿದ್ದು ‘ಜ್ವಾಪಾನ ಮಾಡೋದು’. ಮನೆಯಲ್ಲಿ ದಖನಿ ಉರ್ದು ಆಡುವ ನೆರೆಯವರು ‘ಖಿದ್ಮತ್’, ಅಂದರೆ ಸೇವೆ, ಅಂದರು. ಅಪ್ಪ ಅಮ್ಮನ ಖಿದ್ಮತ್ ಅವರಿಗೆ ಪುಣ್ಯದ ಕೆಲಸ. ಅದನ್ನು ಕಷ್ಟ ಅಂತ ಹೇಳಿಕೊಳ್ಳಲು ಬಾಯಿ ಬರುವುದಿಲ್ಲ. ನಮ್ಮ ‘ಸೇವೆ’ಯೂ ಹಾಗೇ ಅಲ್ವಾ? ‘ಸೇವೆ ಮಾಡುತ್ತಿದ್ದೀರಾ, ಸುಸ್ತಾಗಿದೆಯಾ?’ ಅಂತ ಕೇಳಿದರೆ ಯಾರು ಹೌದು ಅಂದಾರು? ಸುಸ್ತು ಅಂದರೆ ಸೇವೆಗೇ ಕುಂದು ಅನ್ನೋ ಹಾಗೆ ಕೇಳುತ್ತದೆ. ಹಾಗಾಗಿ ನಮ್ಮ ಸಭೆಗೆ ‘ಸೇವೆ’ ಬೇಡ ಅಂತ ನನ್ನ ಅಭಿಪ್ರಾಯ. ದಣಿವು ಹೇಳಿಕೊಳ್ಳಲು ಜಾಗ ಬಿಡುವ ಪದ ಬೇಕು.

ಇದರ ಜೊತೆಗೆ ಇನ್ನೊಂದು ಪದವೂ ಕಾಡುತ್ತಿದೆ. ನೆನಪು, ಯೋಚನೆ ಕುಂದುತ್ತಾ ಹೋಗುವ ‘ಡಿಮೆನ್ಷಿಯಾ’ಗೆ ಏನನ್ನೋಣ? ಜನ ‘ಅರವತ್ತಕ್ಕೆ ಅರಳು ಮರಳು’ ಅಂದು ಮುಗಿಸುತ್ತಾರೆ. ವಯಸ್ಸಾಯ್ತು, ಹಾಗೇ ಅಂತ ಡಾಕ್ಟರ ಹತ್ತಿರ ಹೋಗುವುದೇ ಇಲ್ಲ. ಅದು ಕಾಯಿಲೆ, ವಯಸ್ಸಿನ ಸಹಜ ಗುಣ ಅಲ್ಲ. ‘ಬುದ್ಧಿಮಾಂದ್ಯ’ ಅಂದರೆ ಬೇರೆಯೇ ಸಂಗತಿ. ‘ಮರೆಗುಳಿತನ’ ಅಂದರೆ ಕೀಲಿಕೈ ಎಲ್ಲಿಟ್ಟೆ ಅಂತ ಹುಡುಕುವಷ್ಟು ಹಗುರ. ನಮ್ಮ ಬೀದಿಯ ಒಬ್ಬ ಅಜ್ಜಿ 50 ವರ್ಷ ಬೆಂಗಳೂರಿನಲ್ಲಿ ಕನ್ನಡ ಆಡಿದವರು. ಈಗ ತಮಿಳು ಬಿಟ್ಟು ಬೇರೇನೂ ಆಡುವುದಿಲ್ಲ. ಈ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ತಾಯಿನುಡಿ ಉಳಿಯುವುದು ಆಗಾಗ ಕಾಣುತ್ತದೆ. ಕನ್ನಡ ಮಾತ್ರ ಬರುವ ಸೊಸೆ ಈಗ ಅಜ್ಜಿಗಾಗಿ ತಮಿಳು ಕಲಿಯುತ್ತಿದ್ದಾಳೆ. ಇದನ್ನು ಮರೆಗುಳಿತನ ಅಂದರೆ ಸಾಕಾ?

ಹೊಸ ಪದ ತಂದರೆ ಜನ ಒಪ್ಪುತ್ತಾರಾ ಅನ್ನುವವರಿಗೆ ಜಪಾನಿನ ಒಂದು ಉದಾಹರಣೆ. ಅಲ್ಲಿ ಈ ಕಾಯಿಲೆಗೆ ‘ಚಿಹೋ’ ಅನ್ನುತ್ತಿದ್ದರು. ಅದರಲ್ಲಿ ದಡ್ಡತನದ ಅರ್ಥ ಇತ್ತು. 2004ರಲ್ಲಿ ಸರ್ಕಾರವೇ ಅದನ್ನು ಬಿಟ್ಟು ‘ನಿನ್‌ಚಿಶೋ’ ಅನ್ನೋ ಪದ ತಂದಿತು. ಅರಿವಿಗೆ ಸಂಬಂಧಿಸಿದ ಕಾಯಿಲೆ ಅಂತ ಅದರ ಅರ್ಥ. ಈಗ ಅಲ್ಲಿ ಬಳಕೆಯಲ್ಲಿರುವುದು ಅದೇ.

ಸದ್ಯಕ್ಕೆ ನಾನು ಮಾಡಿರುವುದು ಇಷ್ಟು. ನಾಮಪದ ಬಿಟ್ಟು ಕ್ರಿಯಾಪದ ಹಿಡಿದೆ. ಹೊಸ ಕರಪತ್ರದ ಮೊದಲ ಸಾಲು: ‘ಮನೆಯಲ್ಲಿ ವಯಸ್ಸಾದವರನ್ನು ನೀವೇ ನೋಡಿಕೊಳ್ಳುತ್ತಿದ್ದೀರಾ? ನಿಮ್ಮನ್ನು ಯಾರು ನೋಡಿಕೊಳ್ಳುತ್ತಾರೆ?’ ಕೆಳಗೆ ಹಿರಿಯರ ಸಹಾಯವಾಣಿ 14567 ಹಾಕಿದ್ದೇನೆ. ಇದನ್ನು ಕೊಟ್ಟ ಮೇಲೆ ಮೊದಲ ಸಲ ಏಳು ಜನ ಬಂದರು. ಆ ಸೊಸೆಯೂ ಬಂದಿದ್ದರು, ಅರ್ಧ ಗಂಟೆ ಮಾತ್ರ, ಅತ್ತೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ.

ಆದರೂ ಒಂದು ನಾಮಪದ ಬೇಕೇ ಬೇಕು. ಅರ್ಜಿಯಲ್ಲಿ, ಡಾಕ್ಟರ ಚೀಟಿಯಲ್ಲಿ, ಸಭೆಯ ಹೆಸರಿನಲ್ಲಿ ಇಡೀ ವಾಕ್ಯ ಹಿಡಿಸುವುದಿಲ್ಲ. ‘ನೋಡಿಕೊಳ್ಳುವವರು’ ಅಂತ ಹಾಗೇ ಇಡಬಹುದಾ? ‘ಮನೆಯ ಆರೈಕೆಯವರು’? ‘ಆಸರೆಯವರು’ ಅಂತ ಒಬ್ಬರು ಹೇಳಿದರು. ಆಸರೆ ಕೊಡುವವರಾ, ಪಡೆಯುವವರಾ ಅನ್ನೋದು ಅದರಲ್ಲಿ ತಿಳಿಯುವುದಿಲ್ಲ.

ಕೊಡಗಿನವರು, ಬ್ಯಾರಿ, ಕೊಂಕಣಿ, ಲಂಬಾಣಿ ಆಡುವವರು ಇಲ್ಲಿದ್ದರೆ ನಿಮ್ಮ ಮನೆಯಲ್ಲಿ ಏನನ್ನುತ್ತೀರಿ ಅಂತ ದಯವಿಟ್ಟು ಬರೆಯಿರಿ. ಬಳ್ಳಾರಿ, ಬೀದರ್ ಕಡೆಯ ಮಾತೂ ನನಗೆ ಸಿಕ್ಕಿಲ್ಲ. ಪದದ ಜೊತೆಗೆ ಅದನ್ನು ಯಾರು, ಯಾರ ಮುಂದೆ ಆಡುತ್ತಾರೆ ಅನ್ನೋದನ್ನೂ ಹೇಳಿ. ಮುಂದಿನ ಕರಪತ್ರ ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ.