ಕೆಂಪು ಗೀಟು, ತೊಗರಿ ಹೊಲ

ಶಿವಲೀಲಾ, ಕನ್ನಡಕ ಸಿಗುತ್ತಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಜೇವರ್ಗಿ ರಸ್ತೆಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ವಿಡಿಯೋ ನೋಡಿ ಪುಟ್ಟಿಯನ್ನು ಶಾಲೆಗೆ ಕಳಿಸೋಕೆ ಹೆದರಿಕೆ ಆಗುತ್ತಿದೆ, ಸರ್ಕಾರ ಈ ವಾಟ್ಸಾಪು, ನೆಟ್ಟು ಎಲ್ಲ ಬಂದ್ ಮಾಡಬಾರದಾ ಕಾಕಾ ಅಂತ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದ್ದೀಯ. ಕೆಳಗೆ ಮೂರು ಜನ 'ಹೌದು, ಬಂದ್ ಆಗಲಿ' ಅಂತ ಕೈ ಮುಗಿದಿದ್ದಾರೆ. ಬಂದ್ ಆದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತಿಲ್ಲ. ನಾನು ನೋಡಿದ್ದೇನೆ.

1976, ಎಮರ್ಜೆನ್ಸಿ ಕಾಲ. ಗುಲಬರ್ಗಾದ ಒಂದು ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಅಚ್ಚಿನ ಅಕ್ಷರ, ಜೋಡಿಸುತ್ತಿದ್ದೆ, ಅದು ನಿಮಗೆಲ್ಲ ಗೊತ್ತಿದ್ದದ್ದೇ. ವಾರಕ್ಕೊಮ್ಮೆ ಒಂದು ಸಣ್ಣ ಪೇಪರು ಅಚ್ಚಾಗುತ್ತಿತ್ತು. ಅಚ್ಚಿಗೆ ಮುಂಚೆ ಪ್ರೂಫು ಸೆನ್ಸಾರ್ ಸಾಹೇಬರ ಹತ್ತಿರ ಹೋಗಬೇಕು. ಬೇಡ ಅನ್ನಿಸಿದ ಸುದ್ದಿಗೆ ವಾಪಸ್ ಬಂದಾಗ ಕೆಂಪು ಗೀಟು. ಒಂದು ದಿನ ಗೀಟು ಬಿದ್ದದ್ದು ನಾಲ್ಕು ಸಾಲಿನ ಸುದ್ದಿಗೆ. ಯಾವುದೋ ಊರಿನಲ್ಲಿ ಕುಟುಂಬ ಯೋಜನೆ ಆಪರೇಷನ್ ಬಗ್ಗೆ ಜನ ತಕರಾರು ಮಾಡಿದರು ಅಂತ. ಅಷ್ಟೇ. ಆ ನಾಲ್ಕು ಸಾಲಿನ ಮೊಳೆಗಳನ್ನು ಒಂದೊಂದಾಗಿ ಕಿತ್ತು ಮನೆಗೆ, ಅಂದರೆ ಅವುಗಳ ಖಾನೆಗೆ, ಹಾಕಿದವನು ನಾನೇ.

ಇಷ್ಟು ಸಣ್ಣ ಸುದ್ದಿಗೆ ಗೀಟು ಹಾಕಿದರು ಅಂದರೆ ಒಳಗೆ ಇನ್ನೂ ದೊಡ್ಡದೇನೋ ಇರಬೇಕು ಅಂತ ತಲೆಗೆ ಹೊಕ್ಕಿತು. ಬಸ್ ಸ್ಟ್ಯಾಂಡಿನಲ್ಲಿ ಆಗಲೇ ಗುಸುಗುಸು ಇತ್ತು, ಶಾಲೆಗೆ ಸೂಜಿ ಹಾಕೋಕೆ ಬರುವವರು ಮಕ್ಕಳಿಗೂ ಮಕ್ಕಳಾಗದ ಹಾಗೆ ಮಾಡುತ್ತಾರೆ ಅಂತ. ಎರಡನ್ನೂ ಜೋಡಿಸಿದೆ. ಜೋಡಿಸುವುದೇ ನನ್ನ ಕೆಲಸ ಅಲ್ವಾ! ಶನಿವಾರ ಊರಿಗೆ ಹೋಗಿ ಅಪ್ಪನಿಗೆ ಹೇಳಿದೆ. ಪ್ರೆಸ್ಸಿನ ಹುಡುಗ ಹೇಳಿದ್ದಾನೆ ಅಂತ ಊರೆಲ್ಲ ನಂಬಿತು. ಸೋಮವಾರ ಬೆಳಿಗ್ಗೆ ಜೀಪಿನ ಸದ್ದು ಕೇಳಿದ್ದೇ ತಡ, ಮಕ್ಕಳನ್ನೆಲ್ಲ ತೊಗರಿ ಹೊಲಕ್ಕೆ ಓಡಿಸಿದರು. ದೀಪಾವಳಿ ಕಳೆದಿತ್ತು, ತೊಗರಿ ಆಳೆತ್ತರ. ನಮ್ಮ ನೀಲವ್ವ ಒಡ್ಡಿನ ಕಲ್ಲಿನ ಮೇಲೆ ಕೈ ಊರಿದಳು, ಚೇಳು ಕಡಿಯಿತು. ಕೆಂಪು ಚೇಳು. ಬಂಡಿಯಲ್ಲಿ ಜೇವರ್ಗಿಗೆ ಒಯ್ಯುವಾಗ ಅವಳ ಮೈಯೆಲ್ಲ ಬೆವರು, ತಣ್ಣಗೆ, ನೀರಿನಲ್ಲಿ ಅದ್ದಿ ತೆಗೆದ ಹಾಗೆ. ಮೂರು ದಿನ ಅವ್ವ ಉಣ್ಣಲಿಲ್ಲ. ಆ ಜೀಪು ಯಾವುದು ಗೊತ್ತಾ? ಬೋರ್‌ವೆಲ್ ಜಾಗ ನೋಡೋಕೆ ಬಂದದ್ದು.

ಪೇಪರಿನಲ್ಲಿ 'ಅದು ಸುಳ್ಳು' ಅಂತ ಬಂದಿದ್ದರೂ ಯಾರು ನಂಬುತ್ತಿದ್ದರು? ಗೀಟು ಹಾಕಿಸಿಕೊಂಡ ಪೇಪರು ಅದು. ಸುದ್ದಿಯ ಬಾಯಿ ಮುಚ್ಚಿದರೆ ಗಾಳಿಮಾತಿಗೆ ನಾಲ್ಕು ಬಾಯಿ ಬರುತ್ತದೆ ನೋಡವ್ವ. ಬಂದ್ ಮಾಡಿ ಅಂತ ಕೇಳಬೇಡ.

ಮುರ್ಕಿ ಊರಿನಲ್ಲಿ ಆದದ್ದು ನೆನಪಿಲ್ಲವಾ ಕಾಕಾ ಅಂತ ಮಲ್ಲು ಕೇಳುತ್ತಾನೆ, ಗೊತ್ತು. ನೆನಪಿದೆ. 2018ರ ಜುಲೈ, ನಮ್ಮ ಬೀದರ್ ಜಿಲ್ಲೆ. ಹೈದರಾಬಾದಿನಿಂದ ಬಂದ ಹುಡುಗರು ಮಕ್ಕಳಿಗೆ ಚಾಕ್‌ಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸಾಪಿನಲ್ಲಿ ಹಬ್ಬಿತು, ಒಬ್ಬನನ್ನು ಹೊಡೆದು ಸಾಯಿಸಿಯೇ ಬಿಟ್ಟರು. ಅದಾಗಿ ಒಂದು ವಾರದಲ್ಲೇ ವಾಟ್ಸಾಪಿನವರು ನಮ್ಮ ದೇಶದಲ್ಲಿ ಫಾರ್ವರ್ಡನ್ನು ಐದು ಕಡೆಗೆ ಮಾತ್ರ ಅಂತ ಮಾಡುತ್ತೇವೆ ಅಂದರು. ಅದು ಸರಿ. ಗಲಭೆ ಎಬ್ಬಿಸುವುದನ್ನು ತೆಗೆಸೋಕೆ ಐಟಿ ಕಾಯ್ದೆಯಲ್ಲಿ, ಅಂದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ, 69ಎ ಕಲಂ ಇದೆ, ತೆಗೆಸಲಿ, ಬೇಡ ಅಂದವರು ಯಾರು? ಆದರೆ ಏನು ತೆಗೆದೆವು, ಯಾಕೆ ತೆಗೆದೆವು ಅಂತ ಹೇಳಿ ತೆಗೆಯಲಿ. ಎಲ್ಲ ಬಂದ್ ಮಾಡಿ ಅಂತ ಮಾತ್ರ ಕೇಳಬೇಡ ತಾಯಿ, ಇನ್ನೊಂದು ಸಲ ಹೇಳುತ್ತಿದ್ದೇನೆ. ನೀಲವ್ವನನ್ನೇ ಕೇಳು.

ಅದೇ ಕಾಯ್ದೆಯಲ್ಲಿ 66ಎ ಅಂತ ಇತ್ತು. ಕಿರಿಕಿರಿ ಆಗುವ ಮಾತು ಬರೆದರೂ ಜೈಲು. 2015ರಲ್ಲಿ ಸುಪ್ರೀಂ ಕೋರ್ಟ್ ಕಿತ್ತು ಹಾಕಿತು. ನಮ್ಮ ಈ ಗ್ರೂಪಿನಲ್ಲಿ ಮಾತ್ರ ಅದು ಇನ್ನೂ ಜೀವಂತ ಇದೆ! ಬಸುನ ಮದುವೆ ಊಟದಲ್ಲಿ ಜೋಳದ ರೊಟ್ಟಿ ಇರಲಿಲ್ಲ, ಎಣ್ಣೆಗಾಯಿ ಇರಲಿಲ್ಲ, ಸುಮ್ನೆ ಏನೇನೋ ಮಂಚೂರಿ ಇಟ್ಟಿದ್ದರು ಅಂತ ನಾನು ಹೇಳಿದ್ದು ನಿಜ. ಮೂರು ನಿಮಿಷದ ಮೆಸೇಜು. ಅಡ್ಮಿನ್ ಸಾಹೇಬರು, ಅದೇ ಬಸು, ಅದನ್ನು ಡಿಲೀಟ್ ಮಾಡಿ, ಹದಿನೈದು ದಿನ ಗ್ರೂಪಿಗೇ ಬೀಗ ಹಾಕಿದರು. ನನ್ನ ಕೈ ಮೇಲೆ ಆಡಿದ ಹುಡುಗ ಅವನು. ಎದುರಿಗೆ ಬಂದು 'ಕಾಕಾ, ನಮಗೆ ಬೇಜಾರಾಯಿತು' ಅನ್ನಬಹುದಿತ್ತು. ಅನ್ನಲಿಲ್ಲ. ಆಮೇಲೆ ಏನಾಯಿತು? ನಾನು ಅವನ ಹೆಂಡತಿಯನ್ನು ಬೈದೆ ಅಂತ ಸೇಡಂವರೆಗೂ ಸುದ್ದಿ. ನಾನು ಬೈದದ್ದು ಮಂಚೂರಿಗೆ! ಆ ಮೆಸೇಜು ಅಲ್ಲೇ ಇದ್ದಿದ್ದರೆ ಎಲ್ಲರೂ ಕೇಳಿ ನೋಡುತ್ತಿದ್ದರು, ಅಲ್ವಾ?

ಹಾಂ, ಪುಟ್ಟಿ ಮಾತು. ಮರೆತೇಬಿಟ್ಟಿದ್ದೆ. ಆ ವಿಡಿಯೋ ಮೇಲೆ ಎರಡು ಬಾಣದ ಗುರುತು ಇದೆಯಾ ನೋಡು. ಇದ್ದರೆ ಅದು ಎಷ್ಟೋ ಕೈ ದಾಟಿ ಬಂದದ್ದು. ಅದರಲ್ಲಿ ಅಂಗಡಿ ಬೋರ್ಡು ಯಾವ ಭಾಷೆಯಲ್ಲಿದೆ ನೋಡು. ನನಗಂತೂ ಕನ್ನಡ ಕಾಣಲಿಲ್ಲ, ಕನ್ನಡಕ ಇದ್ದಾಗಲೇ ನೋಡಿದ್ದೆ. ಯಾರಿಗೂ ಕಳಿಸಬೇಡ. ಶಾಲೆಯ ಹೆಡ್ ಮೇಡಂಗೆ ಫೋನ್ ಮಾಡಿ ಕೇಳು. ಅನುಮಾನ ಇದ್ದರೆ 112ಕ್ಕೆ ಹಚ್ಚು, ನೀವೇ ಗುಂಪು ಕಟ್ಟಿಕೊಂಡು ಹೋಗಬೇಡಿ. ನಾಳೆ ಪುಟ್ಟಿಯನ್ನು ಕಳಿಸು, ಸಂಜೆ ಗೇಟಿನ ಹತ್ತಿರ ನಾನೇ ನಿಂತಿರುತ್ತೇನೆ. ಕನ್ನಡಕ ನಿನ್ನೆ ನಿಮ್ಮ ಮನೆಯಲ್ಲೇ ಬಿಟ್ಟೆನಾ ಏನು, ಟಿವಿ ಹತ್ತಿರ ಸ್ವಲ್ಪ ನೋಡವ್ವ.