ಹೊಸ ಯಂತ್ರ ಕಂಡುಹಿಡಿದಿದ್ದೇನೆ, ಹೂಡಿಕೆದಾರರಿಗೆ ತೋರಿಸುವ ಮೊದಲು ಏನು ಮಾಡಬೇಕು?

ಕೇಳಿದ್ದು:
ಹಾಸ್ಟೆಲ್, ಮೆಸ್‌ಗಳಿಗೆ ಬೇಕಾಗುವ ಪ್ರಮಾಣದಲ್ಲಿ ಗಂಟಾಗದಂತೆ ರಾಗಿ ಮುದ್ದೆ ತಿರುವುವ ಯಂತ್ರ ಮಾಡಿದ್ದೇನೆ. ಬ್ಲೇಡಿನ ವಿನ್ಯಾಸ ನನ್ನದೇ. ಪೀಣ್ಯದ ವರ್ಕ್‌ಶಾಪ್ ಒಂದರಲ್ಲಿ ಮಾದರಿ ರೆಡಿಯಾಗಿದೆ. ಮುಂದಿನ ತಿಂಗಳು ಕೋರಮಂಗಲದಲ್ಲಿ ಹೂಡಿಕೆದಾರರ ಭೇಟಿ ಇದೆ. ಎನ್‌ಡಿಎಗೆ (ಗುಟ್ಟು ಹೊರಗೆ ಬಿಡುವುದಿಲ್ಲ ಅನ್ನುವ ಒಪ್ಪಂದ) ಸಹಿ ಹಾಕಿಸಿಕೊಂಡರೆ ಸಾಕಾ? ಅನುಭವ ಇರುವವರು ಹೇಳಿ.

ರಾಜಾಜಿನಗರದಿಂದ:
ಎನ್‌ಡಿಎ ಒಂದನ್ನೇ ನಂಬಿಕೊಂಡು ಹೋಗಬೇಡಿ. ಮೊದಲ ಭೇಟಿಯಲ್ಲಿ ಹೂಡಿಕೆದಾರರು ಅದಕ್ಕೆ ಸಹಿ ಹಾಕುವುದು ತೀರಾ ಅಪರೂಪ. ಒಂದೇ ಥರದ ಐಡಿಯಾ ಹಿಡಿದು ಎಷ್ಟೋ ಜನ ಅವರ ಹತ್ತಿರ ಬರುತ್ತಾರೆ. ಒಬ್ಬರಿಗೆ ಸಹಿ ಹಾಕಿ ಸಿಕ್ಕಿಕೊಳ್ಳಲು ಅವರಿಗೂ ಇಷ್ಟ ಇರಲ್ಲ.

ಮೊದಲು ಪ್ರಾವಿಷನಲ್ ಪೇಟೆಂಟ್ ಅರ್ಜಿ (ಪೂರ್ಣ ವಿವರಣೆ ಆಮೇಲೆ ಕೊಡುವ ತಾತ್ಕಾಲಿಕ ಅರ್ಜಿ) ಹಾಕಿ, ಆಮೇಲೆ ಭೇಟಿಗೆ ಹೋಗಿ. ನಿಮ್ಮ ಸ್ವಂತ ಹೆಸರಲ್ಲಿ ಆನ್‌ಲೈನಲ್ಲಿ ಹಾಕಿದರೆ ಸರ್ಕಾರಿ ಶುಲ್ಕ 1,600 ರೂಪಾಯಿ. ಬರೆದುಕೊಡುವ ಏಜೆಂಟ್ ಫೀಸು ಬೇರೆ. ನಮ್ಮ ರಾಜ್ಯದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಗೆ ಸೇರುತ್ತವೆ, ಆದರೆ ಅಲ್ಲಿಗೆ ಹೋಗಬೇಕಿಲ್ಲ. ಅರ್ಜಿ ಹಾಕಿದ ದಿನವೇ ನಿಮ್ಮ ಆದ್ಯತೆಯ ದಿನ, ಅಂದರೆ ಯಾರು ಮೊದಲು ಅಂತ ನೋಡುವಾಗ ಲೆಕ್ಕಕ್ಕೆ ಬರುವ ದಿನ. ಅಲ್ಲಿಂದ 12 ತಿಂಗಳೊಳಗೆ ಪೂರ್ಣ ವಿವರಣೆ ಸಲ್ಲಿಸದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಇಷ್ಟಕ್ಕೇ ಪೇಟೆಂಟ್ ಸಿಕ್ಕಿತು ಅಂತ ಯಾರಿಗೂ ಹೇಳಬೇಡಿ. ಅದು ಪೇಟೆಂಟ್ ಕಚೇರಿಯವರ ಪರೀಕ್ಷೆ ಎಲ್ಲ ಮುಗಿದ ಮೇಲಿನ ಮಾತು.

ಅರ್ಜಿಯಲ್ಲಿ ಏನು ಬರೆಯುತ್ತೀರಿ ಅನ್ನುವುದೇ ಮುಖ್ಯ. ಮುದ್ದೆ ಯಂತ್ರಗಳು ಮಾರುಕಟ್ಟೆಯಲ್ಲಿ ಆಗಲೇ ಇವೆ. ಹಾಗಾಗಿ ಬರೀ 'ಮುದ್ದೆ ಮಾಡುವ ಯಂತ್ರ' ಅಂತ ಬರೆದರೆ ಪ್ರಯೋಜನವಿಲ್ಲ. ಹೊಸದಿರುವುದು ನಿಮ್ಮ ಬ್ಲೇಡಲ್ಲಿ ಅಲ್ವಾ? ಅದು ಎಷ್ಟು ಓರೆಯಾಗಿದೆ, ಪಾತ್ರೆಯ ತಳಕ್ಕೂ ಅದಕ್ಕೂ ಎಷ್ಟು ಸಂದು, ಯಾವ ಕಡೆ ತಿರುಗುತ್ತದೆ, ಹಿಟ್ಟು ಯಾಕೆ ಗಂಟು ಕಟ್ಟುವುದಿಲ್ಲ, ಎಲ್ಲವನ್ನೂ ಚಿತ್ರ ಸಮೇತ ಬರೆಯಿರಿ. ಎರಡು ಬ್ಲೇಡಿನದ್ದೂ ಮಾಡಬಹುದು ಅಂತ ತಲೆಯಲ್ಲಿದ್ದರೆ ಅದನ್ನೂ ಸೇರಿಸಿ. ಈಗ ಬಿಟ್ಟದ್ದನ್ನು ಆಮೇಲೆ ಸೇರಿಸಿದರೆ ಅದಕ್ಕೆ ಈ ದಿನಾಂಕ ಸಿಗಲ್ಲ. ಅವಸರದಲ್ಲಿ ಒಂದು ಪುಟ ಗೀಚಿ ಕಳಿಸುವವರನ್ನು ಕಂಡರೆ ನನಗೆ ನಿಜವಾಗಿ ಸಂಕಟ ಆಗುತ್ತದೆ, ವರ್ಷಗಟ್ಟಲೆ ಪಟ್ಟ ಕಷ್ಟ ಅದು.

ಅರ್ಜಿ ಹಾಕುವವರೆಗೆ ವಿಡಿಯೊ, ವಾಟ್ಸಾಪ್ ಸ್ಟೇಟಸ್ ಏನೂ ಬೇಡ. ನೀವೇ ಬಯಲು ಮಾಡಿದರೂ ಹೊಸತನ ಹೋದಂತೆಯೇ, ಹೊಸದಲ್ಲದ್ದಕ್ಕೆ ಪೇಟೆಂಟ್ ಸಿಗಲ್ಲ. ಕಾನೂನಿನಲ್ಲಿ ವಿನಾಯಿತಿಗಳಿವೆ, ಆದರೆ ಬಹಳ ಕಡಿಮೆ.

ಪೀಣ್ಯದಿಂದ:
ಎನ್‌ಡಿಎ ನಿಜವಾಗಿ ಬೇಕಿರುವುದು ವರ್ಕ್‌ಶಾಪಿನವರ ಜೊತೆ. ಅವರು ಸಹಿ ಹಾಕುತ್ತಾರೆ, ಕೇಳಿದರೆ ಬೇಜಾರೇನೂ ಮಾಡಿಕೊಳ್ಳಲ್ಲ. ಡ್ರಾಯಿಂಗ್ ಬೇರೆಯವರಿಗೆ ಕೊಡಬಾರದು, ಕೆಲಸ ಮಾಡುವಾಗ ಅವರು ಏನಾದರೂ ಸುಧಾರಣೆ ಮಾಡಿದರೆ ಅದರ ಹಕ್ಕು ನಿಮಗೇ ಸೇರಬೇಕು, ಎರಡನ್ನೂ ಬರೆಸಿ.

ಯಂತ್ರದ ಸಾಫ್ಟ್‌ವೇರನ್ನು ಹೊರಗಿನವರು ಬರೆದುಕೊಟ್ಟಿದ್ದರೆ ಇನ್ನೂ ಹುಷಾರು. ದುಡ್ಡು ಕೊಟ್ಟ ಮಾತ್ರಕ್ಕೆ ಕಾಪಿರೈಟ್ ನಿಮ್ಮದಾಗುವುದಿಲ್ಲ. ಲಿಖಿತವಾಗಿ ವರ್ಗಾಯಿಸಿಕೊಳ್ಳಬೇಕು. ಆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾಪಿರೈಟ್ ಕಾಯ್ದೆ ಪ್ರಕಾರ 5 ವರ್ಷಕ್ಕಷ್ಟೇ, ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ. ನಮ್ಮ ಸಣ್ಣ ಕಂಪನಿಗೆ ದುಡ್ಡು ಹಾಕಲು ಬಂದವರ ವಕೀಲರು ಮೊದಲು ಕೇಳಿದ್ದೇ ಈ ಪತ್ರವನ್ನು. ಪೇಟೆಂಟ್ ವಿಷಯ ಆಮೇಲೆ ಬಂತು.

ಎಚ್‌ಎಸ್‌ಆರ್ ಲೇಔಟ್‌ನಿಂದ:
ನೀವು ಎಲ್ಲಾದರೂ ಕೆಲಸದಲ್ಲಿದ್ದೀರಾ? ಇದ್ದರೆ ಇವತ್ತೇ ನೇಮಕದ ಒಪ್ಪಂದ ತೆಗೆದು ಓದಿ. ಕೆಲಸದಲ್ಲಿರುವಾಗ ಕಂಡುಹಿಡಿದದ್ದೆಲ್ಲ ಕಂಪನಿಗೆ ಸೇರಿದ್ದು ಅನ್ನುವ ಸಾಲು ಇಲ್ಲಿನ ಐಟಿ ಕಂಪನಿಗಳ ಒಪ್ಪಂದಗಳಲ್ಲಿ ಮಾಮೂಲು. ಹಾಗಿದ್ದರೆ ವಕೀಲರಿಗೆ ತೋರಿಸದೆ ಮುಂದುವರಿಯಬೇಡಿ.

ಯಂತ್ರದ ಹೊರರೂಪಕ್ಕೆ ಡಿಸೈನ್ ನೋಂದಣಿ ಬೇರೆ ಇದೆ, 10 ವರ್ಷ, ಮತ್ತೆ 5 ವರ್ಷ ಮುಂದುವರಿಸಬಹುದು. ಅದನ್ನೂ ಜನರಿಗೆ ತೋರಿಸುವ ಮೊದಲೇ ಹಾಕಬೇಕು. ಹೆಸರಿನ ಟ್ರೇಡ್‌ಮಾರ್ಕ್ ಸ್ವಲ್ಪ ತಡವಾದರೂ ನಡೆಯುತ್ತದೆ.

ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇದೆ, ಅಲ್ಲಿನ ಪೇಟೆಂಟ್ ಮಾಹಿತಿ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ. ಹಳೇ ಪೇಟೆಂಟ್ ಹುಡುಕುವಾಗ ರಾಗಿ ಅಂತ ಮಾತ್ರ ಹುಡುಕಬೇಡಿ. ಹಿಟ್ಟು ನಾದುವ, ಹಲ್ವಾ ಮಗುಚುವ ಯಂತ್ರಗಳನ್ನೂ ನೋಡಿ. ನಿಮ್ಮ ಬ್ಲೇಡಿನಂಥದ್ದು ಇದ್ದರೆ ಅಲ್ಲೇ ಇರುತ್ತದೆ.